ಒಂಬತ್ತು ಪಂದ್ಯ ಗೆದ್ದವನನ್ನು ಮನೆಗೆ ಕಳುಹಿಸಿದ ಊರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಟ್ಟನಡುವೆ ನೆಬ್ರಾಸ್ಕ ಎಂಬ ಸಂಸ್ಥಾನವಿದೆ. ಅದರ ರಾಜಧಾನಿ ಲಿಂಕನ್ ನಗರ. ಊರ ಎಲ್ಲೆ ದಾಟಿದರೆ ಕಣ್ಣು ಹಾಯುವಷ್ಟು ದೂರವೂ ಮುಸುಕಿನ ಜೋಳದ ಹೊಲಗಳು. ಮೇಲೆ ಅಂಚಿಲ್ಲದ ಆಕಾಶ. 2022ರ ಬೇಸಗೆಯಲ್ಲಿ ನಾನೂ ನನ್ನಾಕೆಯೂ ಮಗಳ ಮನೆಯಲ್ಲಿ ಕೆಲವು ತಿಂಗಳು ತಂಗಿರಲೆಂದು ಅಲ್ಲಿಗೆ ಹೋದೆವು. ಬೆಳಗ್ಗೆ ನಡಿಗೆ, ಮಧ್ಯಾಹ್ನ ನಿದ್ರೆ, ಸಂಜೆ ಮೊಮ್ಮಗಳ ಪಾಠ. ಹೀಗೆ ದಿನಗಳು ಸಾಗುತ್ತಿದ್ದವು. ಆಗಸ್ಟ್ ತಿಂಗಳು ಮುಗಿಯುತ್ತ ಬಂದಂತೆ ಬೀದಿಯ ಬಣ್ಣವೇ ಬದಲಾಯಿತು. ಮನೆಮನೆಯ ಮುಂದೆ ಕೆಂಪು ಬಾವುಟ, ಅಂಗಡಿಯವನ ಮೈಮೇಲೆ ಕೆಂಪು ಅಂಗಿ, ತಳ್ಳುಗಾಡಿಯಲ್ಲಿ ಮಲಗಿದ ಹಸುಗೂಸಿನ ತಲೆಗೂ ಕೆಂಪು ಟೋಪಿ.

"ಇಲ್ಲಿ ಯಾವುದಾದರೂ ಚುನಾವಣೆಯೇನಮ್ಮ?" ಎಂದು ಮಗಳನ್ನು ಕೇಳಿದೆ.

ಅವಳು ನಕ್ಕಳು. "ಅಲ್ಲಪ್ಪ, ಫುಟ್‌ಬಾಲ್. ಇಲ್ಲಿ ಚುನಾವಣೆಗೂ ಇಷ್ಟು ಗಲಾಟೆ ಇರುವುದಿಲ್ಲ."

ಪಕ್ಕದ ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು; ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಬೇಲಿಯ ಆಚೆಯಿಂದ ಟೊಮೇಟೊ ಹಣ್ಣು ಕೊಟ್ಟು ಪರಿಚಯ ಮಾಡಿಕೊಂಡವರು, ನಾವು ಕೊಟ್ಟ ಕೋಡುಬಳೆಯನ್ನು ಕಣ್ಣಲ್ಲಿ ನೀರು ತುಂಬಿದರೂ ಬಿಡದೆ ತಿಂದು ಸ್ನೇಹವನ್ನು ಗಟ್ಟಿ ಮಾಡಿಕೊಂಡರು. ಅವರ ಮನಸ್ಸಿನಲ್ಲಿ ಆ ದಿನಗಳಲ್ಲಿ ಒಂದೇ ಪ್ರಶ್ನೆ ಕುದಿಯುತ್ತಿತ್ತು: ವಿಶ್ವವಿದ್ಯಾಲಯದ ತಂಡದ ಮುಖ್ಯ ತರಬೇತುದಾರನನ್ನು ಉಳಿಸಿಕೊಳ್ಳಬೇಕೆ, ತೆಗೆದುಹಾಕಬೇಕೆ?

ವಿಚಿತ್ರವೆಂದರೆ, ಊರಿನವರೆಲ್ಲರೂ ಎರಡರಲ್ಲಿ ಒಂದು ಉತ್ತರವನ್ನು ಕೂಗಿ ಹೇಳುತ್ತಿದ್ದಾಗ ಈ ಮಹನೀಯರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ಒಂದು ಕಾರಣವಿತ್ತು. ಅದನ್ನು ಹೇಳುವುದಕ್ಕೆ ಮುಂಚೆ ಆಟದ ವಿಚಾರವನ್ನು ಸ್ವಲ್ಪ ಹೇಳಬೇಕು.

ನೆಲ ಗೆಲ್ಲುವ ಆಟ

ಅಮೆರಿಕದ ಫುಟ್‌ಬಾಲಿಗೂ ನಾವು ಫುಟ್‌ಬಾಲೆಂದು ಕರೆಯುವ ಆಟಕ್ಕೂ ಹೆಸರಿನ ನಂಟನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಚೆಂಡು ತೆಂಗಿನಕಾಯಿಯ ಆಕಾರದ್ದು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಪ್ರತಿ ಪಕ್ಷದಲ್ಲಿಯೂ 11 ಜನ. 100 ಗಜದ ಅಂಕಣದಲ್ಲಿ ಚೆಂಡನ್ನು ಎತ್ತಿಕೊಂಡು ಓಡಿಯೋ ಎಸೆದು ಹಿಡಿದೋ ಎದುರಾಳಿಯ ತುದಿಯನ್ನು ಮುಟ್ಟಬೇಕು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದುವರಿದರೆ ಮತ್ತೆ ನಾಲ್ಕು ಯತ್ನ. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ಕಬಡ್ಡಿಯ ಹಿಡಿತ, ಚದುರಂಗದ ಲೆಕ್ಕಾಚಾರ, ಟಗರು ಕಾಳಗದ ಡಿಕ್ಕಿ ಮೂರನ್ನೂ ಬೆರೆಸಿದರೆ ಈ ಆಟವಾದೀತು. ಪ್ರತಿ ಯತ್ನಕ್ಕೂ ಬೇರೆ ಬೇರೆ ವ್ಯೂಹವಿರುವುದರಿಂದ ಅಂಕಣದ ಅಂಚಿನಲ್ಲಿ ನಿಂತು ಅದನ್ನು ನಿರ್ಧರಿಸುವ ತರಬೇತುದಾರನೇ ಇಲ್ಲಿ ಸೇನಾಪತಿ.

ನೆಬ್ರಾಸ್ಕದಲ್ಲಿ ವೃತ್ತಿಪರರ ದೊಡ್ಡ ತಂಡಗಳಿಲ್ಲ. 1869ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯದ ತಂಡವೇ ಇಡೀ ನಾಡಿನ ತಂಡ. ಅದರ ಹೆಸರು 'ಕಾರ್ನ್‌ಹಸ್ಕರ್ಸ್', ಎಂದರೆ ಮುಸುಕಿನ ಜೋಳದ ಮುಸುಕು ಸುಲಿಯುವವರು. 1923ರಲ್ಲಿ ಯುದ್ಧಮೃತರ ನೆನಪಿಗೆಂದು ಕಟ್ಟಿದ ಅವರ ಕ್ರೀಡಾಂಗಣದಲ್ಲಿ 85 ಸಾವಿರ ಜನ ಕೂರಬಹುದು. ಒಮಾಹ, ಲಿಂಕನ್ ಎಂಬ ಎರಡು ನಗರಗಳನ್ನು ಬಿಟ್ಟರೆ ಆ ಸಂಸ್ಥಾನದಲ್ಲಿ ಅಷ್ಟು ಜನರಿರುವ ಊರೇ ಇಲ್ಲ. ಪಂದ್ಯದ ದಿನ ಆಟದ ಬಯಲೇ ನಾಡಿನ ಮೂರನೆಯ ಪಟ್ಟಣವಾಗುತ್ತದೆ. 1962ರ ನವೆಂಬರಿನಿಂದ ಅಲ್ಲಿ ನಡೆದ ಪ್ರತಿಯೊಂದು ಪಂದ್ಯಕ್ಕೂ ಟಿಕೆಟ್ಟುಗಳು ಪೂರ್ಣವಾಗಿ ಮಾರಾಟವಾದುವೆಂಬುದು ಅವರ ಹೆಮ್ಮೆ. ಟಿಕೆಟ್ಟು ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುವುದೂ ಉಂಟು.

ನಮ್ಮ ನೆರೆಯವರಿಗೂ ಹಾಗೆಯೇ ಬಂದಿತ್ತು. ಅವರ ತಂದೆ ಜೋಳ ಬೆಳೆಯುವ ರೈತರು. ಸಾಲ ತೀರದ ವರ್ಷಗಳಲ್ಲಿಯೂ ಶನಿವಾರದ ಆ ಎರಡು ಆಸನಗಳನ್ನು ಬಿಟ್ಟುಕೊಟ್ಟವರಲ್ಲವಂತೆ.

ಮೂವರು ಗುರುಗಳು, 42 ವರ್ಷ

1962ರಿಂದ 2003ರವರೆಗೆ, 42 ವರ್ಷಗಳ ಕಾಲ, ಆ ತಂಡಕ್ಕೆ ಇದ್ದವರು ಮೂವರೇ ಮುಖ್ಯ ತರಬೇತುದಾರರು. ಮೊದಲನೆಯವರು ಬಾಬ್ ಡೆವೇನಿ. 1970 ಮತ್ತು 1971ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದವರು. 1973ರಲ್ಲಿ ಅವರ ಶಿಷ್ಯ ಟಾಮ್ ಆಸ್ಬರ್ನ್ ಪಟ್ಟಕ್ಕೆ ಬಂದು 25 ವರ್ಷ ಆಳಿದರು. ಗೆದ್ದ ಪಂದ್ಯಗಳು 255, ಸೋತವು 49, ಸಮವಾದವು 3.

ಈ ಅಂಕಿಗಳನ್ನು ನೋಡಿದವರಿಗೆ ಆಸ್ಬರ್ನರ ಮೇಲೆ ಯಾರೂ ಗೊಣಗಿರಲಾರರೆಂದು ತೋರೀತು. ಗೊಣಗಿದ್ದರು! ಬದ್ಧವೈರಿಯಾದ ಓಕ್ಲಹೋಮ ತಂಡಕ್ಕೆ ಅವರು ಮೊದಲ ಐದು ವರ್ಷ ಸತತವಾಗಿ ಸೋತರು. 1984ರ ಜನವರಿಯಲ್ಲಿ ಮಯಾಮಿ ತಂಡದ ಮೇಲೆ, ಪಂದ್ಯವನ್ನು ಸಮ ಮಾಡಿಕೊಂಡರೂ ಸಾಕಾಗಿದ್ದಾಗ, ಗೆಲುವಿಗೇ ಕೈಹಾಕಿ 31-30ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಕಳೆದುಕೊಂಡರು. ಮುಂದೆ ಋತುವಿನ ಕೊನೆಯಲ್ಲಿ ನಡೆಯುವ 'ಬೌಲ್' ಪಂದ್ಯಗಳಲ್ಲಿ ಏಳು ವರ್ಷ ಒಂದೇ ಸಮನೆ ಸೋತರು. ದೊಡ್ಡ ಪಂದ್ಯ ಗೆಲ್ಲಲಾರದ ಮನುಷ್ಯನೆಂಬ ಮಾತು ಊರಲ್ಲಿ ಹಬ್ಬಿತು. ಅವರಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ದೊರೆತದ್ದು 1994ರಲ್ಲಿ, ಅವರ 22ನೆಯ ವರ್ಷದಲ್ಲಿ. ಅನಂತರ 1995ರಲ್ಲಿ ಒಂದು, 1997ರಲ್ಲಿ ಇನ್ನೊಂದು.

ಮೂರನೆಯವರು ಫ್ರಾಂಕ್ ಸೋಲಿಚ್. ಡೆವೇನಿಯವರ ಕೈಕೆಳಗೆ ಆಡಿದವರು, ಆಸ್ಬರ್ನರ ಕೈಕೆಳಗೆ ಕಲಿಸಿದವರು. 1999ರಲ್ಲಿ ವಲಯದ ಪ್ರಶಸ್ತಿ ಗೆದ್ದರು. 2001ರ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯದವರೆಗೂ ತಂಡವನ್ನು ಕೊಂಡೊಯ್ದು ಸೋತರು. ಮರುವರ್ಷ ಗೆಲುವು 7, ಸೋಲು 7. ಆ ನಾಡಿಗೆ ಇದು ಬರಗಾಲವಿದ್ದಂತೆ. ಏಕೆಂದರೆ 1969ರಿಂದ 2001ರವರೆಗೆ ಅವರ ತಂಡ ಯಾವ ವರ್ಷವೂ ಒಂಬತ್ತಕ್ಕೆ ಕಡಿಮೆ ಪಂದ್ಯ ಗೆದ್ದಿರಲಿಲ್ಲ. ಸೋಲಿಚ್ ತಮ್ಮ ಸಹಾಯಕರನ್ನು ಬದಲಾಯಿಸಿ 2003ರಲ್ಲಿ ಮತ್ತೆ ಒಂಬತ್ತು ಗೆದ್ದರು, ಮೂರು ಸೋತರು. ಆದರೆ ಆ ಮೂರು ಸೋಲುಗಳೂ ಹೀನಾಯವಾಗಿದ್ದವು.

ಆ ವರ್ಷದ ನವೆಂಬರ್ 28, ಶುಕ್ರವಾರ, ತಂಡ ಕೊಲೊರಾಡೊವನ್ನು ಅದರ ನೆಲದಲ್ಲೇ ಸೋಲಿಸಿತು. ಮರುದಿನ ಶನಿವಾರ ಸೋಲಿಚರನ್ನು ಕೆಲಸದಿಂದ ತೆಗೆದರು.

ಊಟದ ಮೇಜಿನ ಜಗಳ

ನೆರೆಯವರ ಮೌನದ ಬೇರು ಇರುವುದು ಆ ದಿನಗಳಲ್ಲಿ. ಒಂದು ಸಂಜೆ ಹಿತ್ತಿಲಲ್ಲಿ ಕುಳಿತಿದ್ದಾಗ ತಾವಾಗಿಯೇ ಹೇಳಿದರು.

ಆ ಗುರುವಾರ ಅಮೆರಿಕದವರ ಕೃತಜ್ಞತಾ ಹಬ್ಬ. ಮನೆಮಂದಿಯೆಲ್ಲ ಹೊಲದ ಮನೆಯಲ್ಲಿ ಸೇರಿದ್ದರು. ಮಾತು ತಂಡದ ಕಡೆ ತಿರುಗಿತು. ಸೋಲಿಚರನ್ನು ಕಳುಹಿಸಲೇಬೇಕೆಂದು ಮಗ ವಾದಿಸಿದರು. ಮೂರು ಸೋಲಿನ ಅಂಕಗಳನ್ನು ಬೆರಳು ಮಡಿಸಿ ಲೆಕ್ಕ ಹೇಳಿದರು. ತಂದೆ ಬಹಳ ಹೊತ್ತು ಕೇಳಿ ಒಂದೇ ಪ್ರಶ್ನೆ ಹಾಕಿದರು: "ಅವನು ಹೋದ ಮೇಲೆ ಬರುವವನು ಯಾರು?"

"ಯಾರಾದರೂ ಬರುತ್ತಾರೆ. ನೆಬ್ರಾಸ್ಕಕ್ಕೆ ಬರುವುದಿಲ್ಲವೆನ್ನುವವರು ಉಂಟೆ?"

"ಬೆಳೆ ಕೆಟ್ಟ ವರ್ಷ ಬೀಜ ಕೆಟ್ಟಿತ್ತೆ, ಮಳೆ ಕೆಟ್ಟಿತ್ತೆ, ನನ್ನ ಕೈ ಕೆಟ್ಟಿತ್ತೆ ಎಂದು ನೋಡುತ್ತೇನೆ. ನೋಡದೆ ಉಳುಮೆಯವನನ್ನು ಓಡಿಸುವುದಿಲ್ಲ."

ಮಗನಿಗೆ ಸಿಟ್ಟು ಬಂತು. ತಂದೆಗೆ ವಯಸ್ಸಾಯಿತೆಂದೂ ಕಾಲ ಬದಲಾದದ್ದು ತಿಳಿಯುತ್ತಿಲ್ಲವೆಂದೂ ಎಲ್ಲರೆದುರಿಗೆ ಅಂದುಬಿಟ್ಟರು. ಎರಡು ದಿನಗಳಲ್ಲಿ ಸೋಲಿಚ್ ಹೋದರು, ಮಗ ಗೆದ್ದಂತಾಯಿತು. ಮರುವರ್ಷ ತಂದೆ ಎರಡು ಟಿಕೆಟ್ಟುಗಳನ್ನೂ ಲಕೋಟೆಯಲ್ಲಿಟ್ಟು ಮಗನಿಗೆ ಕಳುಹಿಸಿದರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಮೊಣಕಾಲು ನೋವು, ಮೆಟ್ಟಿಲು ಹತ್ತಲಾರೆ.

"ಮೊಣಕಾಲು ನೋವು ನಿಜವೇ ಇತ್ತು. ಆದರೂ ಅದು ಮೊಣಕಾಲಿನ ಮಾತಲ್ಲವೆಂದು ನನಗೆ ಗೊತ್ತಿತ್ತು," ಎಂದರು ನೆರೆಯವರು. "ಒಮ್ಮೆ ಹೋಗಿ ತಪ್ಪಾಯಿತೆಂದು ಹೇಳೋಣವೆಂದುಕೊಂಡೆ. ಮುಂದಿನ ವರ್ಷ ಹೇಳಿದರಾಯಿತು, ತಂಡ ಗೆದ್ದಾಗ ಹೇಳಿದರಾಯಿತು ಎಂದುಕೊಂಡೇ ಕಾಲ ಕಳೆಯಿತು. ತಂದೆ ತೀರಿಕೊಂಡರು."

ಹೊಸಬರ ಮೇಲೆ ಹೊಸಬರು

ತಂದೆಯ ಪ್ರಶ್ನೆಗೆ ಉತ್ತರ ಸಿಗುವುದಕ್ಕೆ ಸುಮಾರು 40 ದಿನ ಹಿಡಿಯಿತು. 2004ರ ಜನವರಿಯಲ್ಲಿ ಬಿಲ್ ಕ್ಯಾಲಹನ್ ಬಂದರು. ವೃತ್ತಿಪರ ತಂಡವೊಂದನ್ನು ಒಂದು ವರ್ಷದ ಹಿಂದೆ ಅಮೆರಿಕದ ಅಂತಿಮ ಪಂದ್ಯದವರೆಗೆ ನಡೆಸಿ ಹೆಸರು ಮಾಡಿದ್ದವರು. ನೆಬ್ರಾಸ್ಕದ ತಂಡ ಮೊದಲಿನಿಂದ ಚೆಂಡನ್ನು ಹೊತ್ತು ಓಡುವ ತಂಡ. ಅಂಥ ಹುಡುಗರನ್ನೇ ಆರಿಸಿ ಬೆಳೆಸಿತ್ತು. ಹೊಸ ಗುರು ಎಸೆತದ ಆಟವನ್ನು ತಂದರು. ಹಳೆಯ ಮರಕ್ಕೆ ಹೊಸ ಕಸಿ ಕೂಡಲಿಲ್ಲ. ಮೊದಲ ವರ್ಷವೇ 5 ಗೆಲುವು, 6 ಸೋಲು; 1961ರ ಮೇಲೆ ಕಂಡ ಮೊದಲ ಸೋಲಿನ ವರ್ಷ. 2007ರಲ್ಲಿ ಕ್ಯಾನ್ಸಸ್ ತಂಡ ಅವರ ಮೇಲೆ 76 ಅಂಕ ಗಳಿಸಿತು. ಕ್ಯಾಲಹನ್ ಹೋದರು.

2008ರಲ್ಲಿ ಬಂದ ಬೋ ಪೆಲೀನಿ ಏಳು ವರ್ಷವೂ ಒಂಬತ್ತಕ್ಕೆ ಕಡಿಮೆ ಗೆಲ್ಲಲಿಲ್ಲ. ಆದರೆ ನಾಲ್ಕಕ್ಕೆ ಕಡಿಮೆ ಸೋತು ಒಂದು ಋತುವನ್ನೂ ಮುಗಿಸಲಿಲ್ಲ. ಮೇಲೆ ಮುಂಗೋಪ. 2014ರ ನವೆಂಬರಿನಲ್ಲಿ, ಮತ್ತೆ ಒಂಬತ್ತು ಗೆದ್ದು ಮೂರು ಸೋತಿದ್ದಾಗಲೇ, ಅವರನ್ನೂ ಕಳುಹಿಸಿದರು. ಅನಂತರ ಮೈಕ್ ರೈಲಿ. ಸಜ್ಜನರು, ಆದರೆ ಮೂರು ವರ್ಷಗಳಲ್ಲಿ 19 ಗೆಲುವು, 19 ಸೋಲು.

ಆಗ ನಾಡಿಗೆ ನಾಡೇ ಒಬ್ಬನ ಹೆಸರನ್ನು ಜಪಿಸಿತು: ಸ್ಕಾಟ್ ಫ್ರಾಸ್ಟ್. ನೆಬ್ರಾಸ್ಕದ ವುಡ್ ರಿವರ್ ಎಂಬ ಸಣ್ಣ ಊರಿನ ಹುಡುಗ. 1997ರ ಪ್ರಶಸ್ತಿ ವಿಜೇತ ತಂಡದ ನಾಯಕಸ್ಥಾನದಲ್ಲಿ ನಿಂತು ಆಡಿದವರು. 2017ರಲ್ಲಿ ಫ್ಲಾರಿಡದ ಒಂದು ವಿಶ್ವವಿದ್ಯಾಲಯದ ತಂಡವನ್ನು ಒಂದು ಪಂದ್ಯವನ್ನೂ ಸೋಲದಂತೆ ನಡೆಸಿದ್ದರು. ಮನೆಮಗ ಮರಳಿ ಬಂದನೆಂದು ಜನ ಆನಂದಬಾಷ್ಪ ಸುರಿಸಿದರು.

ಆ ಮನೆಮಗನ ಮೊದಲ ನಾಲ್ಕು ವರ್ಷಗಳೂ ಸೋಲಿನ ವರ್ಷಗಳೇ ಆದುವು. 2021ರಲ್ಲಿ 3 ಗೆಲುವು, 9 ಸೋಲು. ಆ ಒಂಬತ್ತು ಸೋಲುಗಳಲ್ಲಿ ಒಂದರಲ್ಲಿಯೂ ಅಂತರ ಒಂಬತ್ತು ಅಂಕವನ್ನು ಮೀರಿರಲಿಲ್ಲ! ಪ್ರತಿ ಶನಿವಾರ ದಡದವರೆಗೆ ಈಜಿ ಬಂದು ದಡದಲ್ಲಿ ಮುಳುಗುವ ಕತೆ. ಆಗಿನ ಕ್ರೀಡಾ ನಿರ್ದೇಶಕ ಟ್ರೆವ್ ಆಲ್ಬರ್ಟ್ಸ್ ಅವರಿಗೆ ಇನ್ನೊಂದು ಅವಕಾಶ ಕೊಟ್ಟು, ಸಂಬಳವನ್ನು ತಗ್ಗಿಸಿದರು. ಫ್ರಾಸ್ಟ್ ನಾಲ್ವರು ಸಹಾಯಕರನ್ನು ತೆಗೆದು ಹೊಸಬರನ್ನು ತಂದರು.

ಉಳಿಸಿದರೂ ಖರ್ಚು, ತೆಗೆದರೂ ಖರ್ಚು

2022ರ ಆಗಸ್ಟ್ 27. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನಾರ್ತ್‌ವೆಸ್ಟರ್ನ್ ತಂಡದ ಮೇಲೆ ಋತುವಿನ ಮೊದಲ ಪಂದ್ಯ. ನೆರೆಯವರ ಮನೆಯ ಟೆಲಿವಿಷನ್ನಿನ ಮುಂದೆ ನಾವೆಲ್ಲ ಕುಳಿತಿದ್ದೆವು. ನೆಬ್ರಾಸ್ಕ 28-17ರಲ್ಲಿ ಮುಂದಿತ್ತು. ಆಗ ಫ್ರಾಸ್ಟ್, ಚೆಂಡನ್ನು ದೂರ ಒದೆಯುವ ಬದಲು ಗಿಡ್ಡದಾಗಿ ಒದ್ದು ತಾವೇ ಹಿಡಿದುಕೊಳ್ಳುವ ಜೂಜಿಗೆ ಅಪ್ಪಣೆ ಕೊಟ್ಟರು. ಚೆಂಡು ಎದುರಾಳಿಗಳಿಗೆ ಸಿಕ್ಕಿತು. ಪಂದ್ಯ 31-28ರಲ್ಲಿ ಕೈಬಿಟ್ಟಿತು.

ನೆರೆಯವರು ಎದ್ದು ಹೋಗಿ ಒಂದು ನೋಟುಪುಸ್ತಕ ತಂದರು. ಗಣಿತದ ಮೇಷ್ಟರಲ್ಲವೆ! ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ 'ಇರಲಿ', ಬಲಕ್ಕೆ 'ಹೋಗಲಿ' ಎಂದು ಬರೆದಿದ್ದರು.

ಎಡಗಡೆ ಮೊದಲ ಹೆಸರು ಫ್ರಾಂಕ್ ಬೀಮರ್. ವರ್ಜೀನಿಯ ಟೆಕ್ ತಂಡದಲ್ಲಿ 1987ರಿಂದ ಮೊದಲ ಆರು ವರ್ಷಗಳಲ್ಲಿ ಇವರು ಗೆದ್ದದ್ದು 24, ಸೋತದ್ದು 40. 1992ರಲ್ಲಂತೂ ಎರಡೇ ಗೆಲುವು. ಆಡಳಿತದವರು ತಾಳಿಕೊಂಡರು, ಬೀಮರ್ ಸಹಾಯಕರನ್ನು ಬದಲಿಸಿದರು. 1993ರಿಂದ 2015ರವರೆಗೆ ಒಂದು ವರ್ಷವೂ ತಪ್ಪದೆ ಆ ತಂಡ ಋತುವಿನ ಕೊನೆಯ ಗೌರವ ಪಂದ್ಯಕ್ಕೆ ಅರ್ಹವಾಯಿತು.

ಬಲಗಡೆ ಮೊದಲ ಹೆಸರು ಆಲಬಾಮ. 2006ರಲ್ಲಿ ತಮ್ಮ ತರಬೇತುದಾರನನ್ನು ತೆಗೆದು ನಿಕ್ ಸೇಬನ್‌ರನ್ನು ಕರೆತಂದರು. ಸೇಬನ್‌ರ ಮೊದಲ ವರ್ಷ ಏಳು ಗೆಲುವು, ಆರು ಸೋಲು. ಲೂಯಿಸಿಯಾನದ ಒಂದು ಚಿಕ್ಕ ಕಾಲೇಜಿನ ತಂಡಕ್ಕೂ ಸೋತರು. ಅನಂತರ 2009ರಿಂದ 2020ರೊಳಗೆ ಆರು ರಾಷ್ಟ್ರೀಯ ಪ್ರಶಸ್ತಿಗಳು!

"ಎರಡು ಕಡೆಗೂ ಸಾಕ್ಷಿ ಇದೆಯಲ್ಲ?" ಎಂದೆ.

"ಅದೇ ತೊಂದರೆ. ನಮಗೆ ನೆನಪಿರುವುದು ಬೀಮರ್, ಸೇಬನ್ ಇಬ್ಬರೇ. ತಾಳ್ಮೆ ತೋರಿ ಕೆಟ್ಟವರನ್ನೂ ಬದಲಿಸಿ ಕೆಟ್ಟವರನ್ನೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ," ಎಂದರು ಮೇಷ್ಟರು.

ಅದನ್ನೂ ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಮೂವರು ರಾಜ್ಯಶಾಸ್ತ್ರ ಪಂಡಿತರು 1997ರಿಂದ 2010ರವರೆಗಿನ ಕಾಲೇಜು ತಂಡಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದೇ ಮಟ್ಟದಲ್ಲಿದ್ದ ತಂಡಗಳ ಪೈಕಿ ಗುರುವನ್ನು ಬದಲಿಸಿದವನ್ನೂ ಉಳಿಸಿಕೊಂಡವನ್ನೂ ಹೋಲಿಸಿದರು. ತೀರ ಕೆಳಗೆ ಬಿದ್ದ ತಂಡಗಳಲ್ಲಿ ಬದಲಾವಣೆಯಿಂದ ಹೆಚ್ಚು ಕಡಿಮೆ ಏನೂ ಆಗಲಿಲ್ಲ. ಪಾತಾಳ ಮುಟ್ಟಿದವನು ಗುರು ಬದಲಾದರೂ ಬದಲಾಗದಿದ್ದರೂ ಒಂದಿಷ್ಟು ಮೇಲೆ ಬರುತ್ತಾನೆ. ಜನ ಅದನ್ನು ಹೊಸ ಗುರುವಿನ ಕೈಗುಣವೆನ್ನುತ್ತಾರೆ. ಮಧ್ಯಮ ಸ್ಥಿತಿಯಲ್ಲಿದ್ದ ತಂಡಗಳಾದರೋ ಬದಲಾಯಿಸಿದ ಮೇಲೆ, ಬದಲಾಯಿಸದ ಸಮಾನರಿಗಿಂತ ಕೆಳಗಿಳಿದವು.

ಇದಕ್ಕೆ ಕಾರಣವೂ ಗೂಢವಲ್ಲ. ಮುಖ್ಯ ಗುರು ಹೋದರೆ ಒಬ್ಬನೇ ಹೋಗುವುದಿಲ್ಲ. ಸಹಾಯಕರ ದಂಡೂ ಹೊರಡುತ್ತದೆ. ಅವರನ್ನು ನಂಬಿ ಬಂದ ಹುಡುಗರು ಬೇರೆ ವಿಶ್ವವಿದ್ಯಾಲಯದ ದಾರಿ ಹಿಡಿಯುತ್ತಾರೆ. 2021ರ ನಿಯಮದಿಂದ ಹಾಗೆ ಹೋದವರು ಒಂದು ವರ್ಷ ಕಾಯದೆ ಆಡಬಹುದು. ಉಳಿದವರು ಹೊಸ ವ್ಯೂಹವನ್ನು ಅಕ್ಷರಾಭ್ಯಾಸದಿಂದ ಕಲಿಯಬೇಕು. ಅದನ್ನು ಕಲಿಯುವಷ್ಟರಲ್ಲಿ ಅವರ ಕಾಲೇಜಿನ ದಿನಗಳೇ ತೀರಿರುತ್ತವೆ.

ಹಣದ ವಿಚಾರವಂತೂ ನಮ್ಮಂಥವರ ತಲೆ ತಿರುಗಿಸುವಂಥದು. ಅವಧಿಗೆ ಮುಂಚೆ ತೆಗೆದರೆ ಒಪ್ಪಂದದಂತೆ ಪರಿಹಾರ ಕೊಡಬೇಕು. ಫ್ರಾಸ್ಟರಿಗೆ ಕೊಡಬೇಕಾದದ್ದು ಸುಮಾರು ಒಂದೂವರೆ ಕೋಟಿ ಡಾಲರ್. ಆದರೆ ಅಕ್ಟೋಬರ್ 1ರವರೆಗೆ ಕಾದರೆ ಅದರಲ್ಲಿ ಅರ್ಧ ಸಾಕು! 2023ರಲ್ಲಿ ಟೆಕ್ಸಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ತರಬೇತುದಾರನನ್ನು ಬೀಳ್ಕೊಡಲು ಒಪ್ಪಿದ್ದು ಏಳೂವರೆ ಕೋಟಿಗೂ ಮೇಲೆ. ಟಿಕೆಟ್ಟು, ಟೆಲಿವಿಷನ್ ಹಕ್ಕು, ಶ್ರೀಮಂತ ಅಭಿಮಾನಿಗಳ ಕಾಣಿಕೆ ಇವುಗಳಿಂದ ಬರುವ ಹಣವದು.

"ಕೆಲಸ ಕಳೆದುಕೊಂಡರೆ ಇಷ್ಟು ಕೊಡುವ ಊರಿನಲ್ಲಿ ನಿಮ್ಮ ಬ್ಯಾಂಕು ಏಕಿರಲಿಲ್ಲ?" ಎಂದು ನನ್ನಾಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಶನಿವಾರ

ಸೆಪ್ಟೆಂಬರ್ 10ರ ಸಂಜೆ ಜಾರ್ಜಿಯ ಸದರ್ನ್ ಎಂಬ ತಂಡದೊಡನೆ ಲಿಂಕನ್ನಿನಲ್ಲೇ ಪಂದ್ಯ. ನೆರೆಯವರ ಮಡದಿಗೆ ಮೈ ಸರಿಯಿರಲಿಲ್ಲ. ಆಕೆಯ ಆಸನ ನನಗೆ ದೊರೆಯಿತು. ಮೇಷ್ಟರ ತಂದೆ ನಲವತ್ತು ವರ್ಷ ಕುಳಿತಿದ್ದ ಜಾಗವದು. ಒಳಗೆ ಹೋಗುವ ಮುನ್ನ ಮೇಷ್ಟರು ಗೋಡೆಯ ಮೇಲೆ ಕೆತ್ತಿದ ಒಂದು ಶಾಸನವನ್ನು ತೋರಿಸಿದರು. ಅಲ್ಲಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಹಾರ್ಟ್‌ಲಿ ಬರ್ ಅಲೆಗ್ಸಾಂಡರ್ ರಚಿಸಿದ ವಾಕ್ಯಗಳು. ಹಿರಿಮೆಯಿರುವುದು ಜಯದಲ್ಲಲ್ಲ, ಮಾಡುವ ಕೆಲಸದಲ್ಲಿ ಎಂಬುದು ಅದರ ತಾತ್ಪರ್ಯ. ಗೀತೆಯನ್ನು ಕೇಳಿ ಬೆಳೆದ ನನಗೆ ಸಾವಿರಾರು ಮೈಲಿ ದೂರದ ಆ ಕಲ್ಲು ಪರಿಚಿತವೆನಿಸಿತು. ಅದನ್ನು ಹೇಳಿದಾಗ ಮೇಷ್ಟರು, "ಓದುವುದು ಸುಲಭ. ಈ ಗೋಡೆಯ ಒಳಗೆ ಹೋದ ಮೇಲೆ ನೆನಪಿಡುವುದು ಕಷ್ಟ," ಎಂದು ನಕ್ಕರು.

ಒಳಗೆ ಕೆಂಪು ಸಮುದ್ರ. ತಂಡ ಮೊದಲ ಅಂಕ ಗಳಿಸಿದೊಡನೆ ಸಾವಿರಾರು ಕೆಂಪು ಬಲೂನುಗಳನ್ನು ಹಾರಿಬಿಡುವುದು ಅಲ್ಲಿನ ಹಳೆಯ ಪದ್ಧತಿ. ಆ ವರ್ಷ ಹೀಲಿಯಂ ಅನಿಲದ ಅಭಾವದಿಂದ ಅದೂ ನಿಂತಿತ್ತು.

ಪಂದ್ಯ ಏರುತ್ತ ಇಳಿಯುತ್ತ ಸಾಗಿತು. ನೆಬ್ರಾಸ್ಕ 42 ಅಂಕ ಗಳಿಸಿತು. ತಮ್ಮ ನೆಲದಲ್ಲಿ 35ಕ್ಕೆ ಕಡಿಮೆಯಿಲ್ಲದೆ ಅಂಕ ಗಳಿಸಿದ 214 ಪಂದ್ಯಗಳಲ್ಲಿ ಆ ತಂಡ ಅದುವರೆಗೆ ಒಂದನ್ನೂ ಸೋತಿರಲಿಲ್ಲ. ಆದರೆ ಅಂದು ಎದುರಾಳಿಗಳು 642 ಗಜ ನೆಲ ಗೆದ್ದರು. ಇನ್ನು 36 ಸೆಕೆಂಡು ಉಳಿದಿರುವಾಗ ಮುಂದಾದರು. ಕೊನೆಯಲ್ಲಿ ನೆಬ್ರಾಸ್ಕದ ಹುಡುಗನೊಬ್ಬ 52 ಗಜದಿಂದ ಒದ್ದ ಚೆಂಡು ಗುರಿ ತಪ್ಪಿತು. 45-42.

ಸುತ್ತಲೂ ಜನ ಕೂಗುತ್ತಿದ್ದರು. ಮೇಷ್ಟರು ಕೂಗಲಿಲ್ಲ. ಬೆಂಚಿನ ಮೇಲೆ ಕುಳಿತು, ತಂದೆ ಕೂರುತ್ತಿದ್ದ ಜಾಗವನ್ನು, ಎಂದರೆ ನನ್ನನ್ನು, ನೋಡಿದರು.

"ಈಗ ಹೇಳಬಲ್ಲೆ," ಎಂದರು. "ಇವನು ಹೋಗಬೇಕು. ಅಂದು ಹೇಳಿದಾಗ ಸಿಟ್ಟಿನಿಂದ ಹೇಳಿದೆ. ಇಂದು ಹೇಳುವಾಗ ದುಃಖವಾಗುತ್ತಿದೆ."

"ನಿಮ್ಮ ತಂದೆ ಒಪ್ಪುತ್ತಿದ್ದರೆ?"

"ಒಪ್ಪುತ್ತಿದ್ದರು. ಯಾರನ್ನೂ ತೆಗೆಯಬಾರದೆಂದು ಅವರು ಹೇಳಿರಲಿಲ್ಲ. ನೋಡಿ ತೆಗೆ ಎಂದಿದ್ದರು. ಸೋಲಿಚ್ ಒಂಬತ್ತು ಗೆದ್ದಿದ್ದರು, ತಪ್ಪನ್ನು ತಿದ್ದಿಕೊಳ್ಳುತ್ತಿದ್ದರು. ಆಸ್ಬರ್ನರಿಗೆ ನಾವು 22 ವರ್ಷ ಕಾದೆವೆಂದು ಜಂಬ ಕೊಚ್ಚಿಕೊಳ್ಳುತ್ತೇವೆ. ಆ ವರ್ಷಗಳಲ್ಲಿಯೂ ಅವರು ಒಂದು ಬಾರಿಯೂ ಒಂಬತ್ತಕ್ಕೆ ಕಡಿಮೆ ಗೆದ್ದವರಲ್ಲ. ಈತನಿಗೆ ನಾವು ಐದನೆಯ ವರ್ಷ ಕೊಟ್ಟೆವು, ಹೊಸ ಸಹಾಯಕರನ್ನು ಕೊಟ್ಟೆವು. ಅದೇ ತಪ್ಪು, ಅದೇ ಕೊನೆಯ ನಿಮಿಷ. ಬೀಜವನ್ನೂ ನೋಡಿದ್ದಾಯಿತು, ಮಳೆಯನ್ನೂ ನೋಡಿದ್ದಾಯಿತು."

ಮರುದಿನ ಭಾನುವಾರ ಫ್ರಾಸ್ಟರನ್ನು ತೆಗೆದ ಸುದ್ದಿ ಬಂತು. ಅರ್ಧ ಹಣ ಉಳಿಸಲು ಮೂರು ವಾರ ಕಾಯುವುದಕ್ಕೂ ಆಡಳಿತದವರಿಗೆ ತಾಳ್ಮೆ ಉಳಿದಿರಲಿಲ್ಲ. ಒಟ್ಟು ಲೆಕ್ಕ: 16 ಗೆಲುವು, 31 ಸೋಲು.

ಅನಂತರ

ನಾವು ಊರಿಗೆ ಮರಳಿದ ಮೇಲೆ, ಆ ನವೆಂಬರಿನಲ್ಲಿ, ಮ್ಯಾಟ್ ರೂಲ್ ನೇಮಕವಾದರು; ಎಂಟು ವರ್ಷಕ್ಕೆ 7 ಕೋಟಿ 40 ಲಕ್ಷ ಡಾಲರ್. 2023ರಲ್ಲಿ 5 ಗೆಲುವು, 7 ಸೋಲು. 2024ರಲ್ಲಿ 7 ಗೆಲುವು, 6 ಸೋಲು. ಋತುವಿನ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಬಾಸ್ಟನ್ ಕಾಲೇಜನ್ನು 20-15ರಲ್ಲಿ ಸೋಲಿಸಿದರು. ಎಂಟು ವರ್ಷಗಳಲ್ಲಿ ತಂಡ ಆಡಿದ ಮೊದಲ ಬೌಲ್ ಪಂದ್ಯ ಅದು. ವಲಯದ ಪ್ರಶಸ್ತಿ ಮಾತ್ರ 1999ರ ನಂತರ ಆ ಊರಿನ ದಾರಿಯನ್ನು 2024ರವರೆಗೂ ಹಿಡಿಯಲಿಲ್ಲ. 42 ವರ್ಷಕ್ಕೆ ಮೂವರು ಸಾಕಾಗಿದ್ದ ನಾಡಿಗೆ, ಅನಂತರದ 20 ವರ್ಷಗಳಲ್ಲಿ ಐವರು ಬೇಕಾದರು.

ಒಂಬತ್ತು ಗೆದ್ದು ಹೊರಬಿದ್ದ ಸೋಲಿಚರ ಗತಿ ಏನಾಯಿತೆಂದು ಓದುಗರು ಕೇಳಬಹುದು. ಅವರು 2005ರಲ್ಲಿ ಒಹಾಯೊ ವಿಶ್ವವಿದ್ಯಾಲಯದ ಸಾಧಾರಣ ತಂಡವನ್ನು ಕೈಗೆತ್ತಿಕೊಂಡರು. ಆ ಸಣ್ಣ ಊರಿನವರು ಅವರನ್ನು 16 ಋತುಗಳು ಉಳಿಸಿಕೊಂಡರು. ಅಲ್ಲಿ 115 ಪಂದ್ಯ ಗೆದ್ದು, ಆ ವಲಯದ ಚರಿತ್ರೆಯಲ್ಲಿಯೇ ಅತ್ಯಧಿಕ ಗೆಲುವಿನ ಕೀರ್ತಿಯೊಡನೆ 2021ರಲ್ಲಿ ನಿವೃತ್ತರಾದರು. ಲಿಂಕನ್ನಿನ ಕ್ರೀಡಾಂಗಣಕ್ಕೆ ಮಾತ್ರ ಬಹುಕಾಲ ಕಾಲಿಟ್ಟಿರಲಿಲ್ಲ.

2023ರ ಏಪ್ರಿಲಿನಲ್ಲಿ, ವಸಂತದ ಅಭ್ಯಾಸ ಪಂದ್ಯದ ದಿನ, ವಿಶ್ವವಿದ್ಯಾಲಯದವರು ಸೋಲಿಚರನ್ನು ಕರೆಸಿ ಗೌರವಿಸಿದರು. ಹೊರಗೆ ಹಾಕಿ ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಆ ವಿಷಯವನ್ನು ಮೇಷ್ಟರೇ ನನಗೆ ದೂರವಾಣಿಯಲ್ಲಿ ತಿಳಿಸಿದರು. ನಮ್ಮಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು.

"ಎದ್ದು ನಿಂತು ಚಪ್ಪಾಳೆ ತಟ್ಟಿದೆ," ಎಂದರು. "ಸುತ್ತಲಿದ್ದವರು ಕುಳಿತ ಮೇಲೂ ತಟ್ಟುತ್ತಲೇ ಇದ್ದೆ. ಸಾಕು, ಕೂತುಕೊಳ್ಳಿ ಎಂದು ನನ್ನಾಕೆ ಅಂಗಿ ಹಿಡಿದು ಎಳೆದಳು. ಅರ್ಧ ನನ್ನದು, ಇನ್ನರ್ಧ ಅಪ್ಪನದು ಎಂದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ. ಆಮೇಲೆ ಟಿಕೆಟ್ಟಿನ ಸಂಗತಿ ಹೇಳಿದರು. ಆ ವರ್ಷದ ಎರಡು ಆಸನಗಳಿಗೂ ಹಣ ಕಟ್ಟಿ, ಒಂದನ್ನು ತಮ್ಮ ಮಗನಿಗೆ ಕೊಟ್ಟಿದ್ದಾರಂತೆ. ಮಗನಿಗೆ ಹೊಸ ತರಬೇತುದಾರನ ಮೇಲೆ ಈಗಾಗಲೇ ಅನುಮಾನವಂತೆ.

"ವಾದ ಮಾಡುತ್ತಾನೆಯೆ?" ಎಂದೆ.

"ಮಾಡುತ್ತಾನೆ. ನಾನು ಕೇಳುತ್ತೇನೆ," ಎಂದರು ಮೇಷ್ಟರು.